ಜಪ್ತಿಯಾದ ಎಡಗಾಲು

ಬಾಟಂಬಾಂಗ್ ಪೊಲೀಸ್ ಠಾಣಾಧಿಕಾರಿ ವಿಬೋಲ್ ಅವರಿಗೆ,

ಕೃತಕ ಕಾಲಿನ ಕಾರ್ಖಾನೆಯ ಕೆಲಸಗಾರ್ತಿ ಮಾಲಿಸ್‌ಳ ನಮಸ್ಕಾರ.

ಗಾಲಿಕುರ್ಚಿಯವರಿಗೆಂದು ಮಾರುಕಟ್ಟೆಯ ಮೆಟ್ಟಿಲಿಗೆ ನಾವು ಕಟ್ಟಿದ್ದ ಇಳಿಜಾರನ್ನು ಕಾವಲುಗಾರರು ಸುತ್ತಿಗೆಯಿಂದ ಒಡೆದುಹಾಕಿದರು. ತಡೆಯಹೋದ ನಮ್ಮ ಕಾರ್ಖಾನೆಯ ರಿಥಿಯ ಬೆರಳುಗಳನ್ನು ಅವನ ಗಾಲಿಕುರ್ಚಿಯ ಚಕ್ರದ ಮೇಲೇ ಜಜ್ಜಿದರು. “ಕುಂಟ್ರಿಗೆ ಸಂತೆ ಯಾಕ್ರೋ? ಮನೇಲಿ ಬಿದ್ದಿರಿ!” ಎಂದು ನಕ್ಕವನ ದವಡೆ ಮುರಿದದ್ದು ನಾನೇ. ಕೈಗೆ ಬೇರೇನೂ ಸಿಗದೆ ನನ್ನ ಮರದ ಎಡಗಾಲನ್ನೇ ಕಳಚಿ ಬೀಸಿದೆ. ಅದನ್ನು ಆಯುಧವೆಂದು ನೀವು ಜಪ್ತಿ ಮಾಡಿದಿರಿ, ಚಪ್ಪಲಿಯ ಸಮೇತ.

ಈಗ ವಿಚಾರಣೆಗೆ ಬಾ ಎಂದಿದ್ದೀರಿ. ನಿಮ್ಮ ಠಾಣೆಗೂ ಬರೀ ಮೆಟ್ಟಿಲು. ದಯವಿಟ್ಟು ಕಾಲು ಕಳಿಸಿ, ಇಲ್ಲವೇ ಇಳಿಜಾರು ಕಟ್ಟಲು ಅಪ್ಪಣೆ ಕೊಡಿ, ಸಿಮೆಂಟು ನಮ್ಮದು. ಎರಡೂ ಆಗದಿದ್ದರೆ ಹೊಸ ಕಾಲು ಮಾಡಿಕೊಂಡು ಬರುತ್ತೇನೆ. ಈ ಸಲ ಕಬ್ಬಿಣದ್ದು.

ನಿಮ್ಮ ವಿಧೇಯಳು,
ಮಾಲಿಸ್