ಹೆಳವನು ಓದದೆ ಬಿಟ್ಟ ಹೆಸರು

ದೊಡವಾಡ,
ತಾ. ೧೪-೩-೧೯೫೨

ಪ್ರೀತಿಯ ತಮ್ಮ ಅಂದಾನೆಪ್ಪನಿಗೆ,

ಹೇಗಿದ್ದೀಯಪ್ಪಾ? ಪುಣೆಯ ಖಾನಾವಳಿಯ ಊಟ ಒಗ್ಗದೆ ಹೊಟ್ಟೆ ಉರಿಯುತ್ತದೆ ಎಂದು ಬರೆದಿದ್ದೆ, ಈಗ ವಾಸಿಯೇ? ಮಜ್ಜಿಗೆ ಕುಡಿ, ಕರಿದದ್ದು ತಿನ್ನಬೇಡ. ನಾನು ಆರಾಮ ಇದ್ದೇನೆ. ಗುರವ್ವ ಅತ್ತೆಯ ಮೊಣಕಾಲು ನೋವು ಹಾಗೇ ಇದೆ, ಬಾಯಿ ಮಾತ್ರ ಇನ್ನೂ ಚುರುಕಾಗಿದೆ. ಎಮ್ಮೆ ಈದಿದೆ, ಹೆಣ್ಣುಗರು. ಹೆಣ್ಣು ಹುಟ್ಟಿತೆಂದು ಈ ಮನೆಯಲ್ಲಿ ಎಲ್ಲರೂ ಖುಷಿಪಟ್ಟದ್ದು ಇದೊಂದು ಸಲವೇ ನೋಡು.

ಹೋದ ತಿಂಗಳ ನಿನ್ನ ಕಾಗದದಲ್ಲಿ ಎರಡು ಅಪ್ಪಣೆಗಳಿದ್ದವು. ಒಂದು, ರಾಮದುರ್ಗದ ವಾಡೆಯವರು ನಿನಗೆ ಹೆಣ್ಣು ಕೊಡುವ ಮೊದಲು ನಮ್ಮ ವಂಶಾವಳಿ ಕೇಳಿದ್ದಾರೆ, ಮುತ್ತಜ್ಜ ಕಾಡಪ್ಪಗೌಡರ ತಾಯಿ, ತಂದೆ, ಹೊಲ ಎಲ್ಲವನ್ನೂ ಕಾಗದಪತ್ರ ನೋಡಿ ಬರೆದು ಕಳಿಸಬೇಕು ಎಂದು. ಇನ್ನೊಂದು, ಬೈಲಹೊಂಗಲದ ದನದ ದವಾಖಾನೆಯ ಕಂಪೌಂಡರ್ ನಿಜಗುಣಪ್ಪನವರು ನನ್ನನ್ನು ಉಡಿಕಿಗೆ ಕೇಳಿಕಳಿಸಿದ್ದಕ್ಕೆ ನಿನ್ನ ಉತ್ತರ: “ಕಾಡಪ್ಪಗೌಡರ ಮನೆತನದಲ್ಲಿ ಉಡಿಕಿ ಇಲ್ಲ.” ಗಂಡ ಸತ್ತವಳು ಮತ್ತೊಬ್ಬ ತಂದ ಸೀರೆ ಉಟ್ಟು ಅವನ ಮನೆ ಸೇರುವುದು ಊರಿನ ಎಷ್ಟು ಮನೆಗಳಲ್ಲಿ ನಡೆದಿಲ್ಲ? ಆದರೆ ನಮ್ಮದು ಗೌಡಕಿಯ ಮನೆ, ಆಹಾ! ಅವ್ವ ಹೋದಾಗಿನಿಂದ ನಿನ್ನ ಮೂಗು ಒರೆಸಿದವಳು ನಾನು. ಇಪ್ಪತ್ತಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ಎಂಟು ವರ್ಷದಿಂದ ಹೆಣ್ಣುಮಕ್ಕಳ ಸಾಲೆಯಲ್ಲಿ ಅಕ್ಷರ ತಿದ್ದಿಸುತ್ತಾ ಕೂತವಳು. ನನ್ನ ಇನ್ನುಳಿದ ಆಯುಷ್ಯವನ್ನೆಲ್ಲ ನೀನು ಒಂದೇ ಸಾಲಿನಲ್ಲಿ ಮುಗಿಸಿದೆ. ಅದರ ಕೆಳಗೆ ಗೆರೆ ಬೇರೆ ಎಳೆದಿದ್ದೆ.

ಇರಲಿ. ವಕೀಲನಾಗುವವನ ಅಪ್ಪಣೆ ಮೀರಬಾರದೆಂದು ನಾಲ್ಕು ದಿನ ರಜೆ ಹಾಕಿ ಕಚೇರಿಗಳನ್ನು ಅಲೆದೆ. ಹಳೆಯ ಕಾಗದಗಳು ಮರಾಠಿಯ ಮೋಡಿ ಲಿಪಿಯಲ್ಲಿದ್ದುದರಿಂದ ನಿವೃತ್ತ ಕಾರಕೂನ ದಿಗಂಬರರಾಯರು ಜೊತೆಗೆ ಬಂದು ಓದಿ ಹೇಳಿದರು. ನಸ್ಯ ಏರಿಸುತ್ತಾ ನಿಧಾನ ಓದುತ್ತಾರೆ, ಪಾಪ, ಕಣ್ಣು ಮಂಜಾಗಿದೆ. ಬೈಲಹೊಂಗಲದ ಕಚೇರಿಯಲ್ಲಿ, ನೀನು ಊರೆಲ್ಲ ಹೇಳಿಕೊಂಡು ತಿರುಗುವ ಮುತ್ತಜ್ಜನ ಬಿಳಿ ಕುದುರೆ ಯಾವ ಕಾಗದದಲ್ಲೂ ಸಿಗಲಿಲ್ಲ. ಸಿಕ್ಕಿದ್ದು ಒಂದು ತಕರಾರು ಅರ್ಜಿ: ಕಾಡಪ್ಪಗೌಡರ ಎಮ್ಮೆಗಳು ನೆರೆಯವನ ಕಡಲೆ ಮೇಯ್ದವು, ಕೇಳಲು ಹೋದವನಿಗೆ ಗೌಡರು ಬಾಯಿಗೆ ಬಂದಂತೆ ಬೈದರು. ಇದೇನೋ ನಮ್ಮ ಮನೆತನದ ಗುಣವೇ, ಸಂಶಯವಿಲ್ಲ.

ಅದೇ ದಫ್ತರದಲ್ಲಿ ಅವರ ತಾಯಿಯ ಹೆಸರೂ ಇತ್ತು, ‘ಸತ್ಯವ್ವ ಕೋಂ ಅಡಿವೆಪ್ಪಗೌಡ’, ಎಂದರೆ ಅಡಿವೆಪ್ಪಗೌಡನ ಹೆಂಡತಿ ಸತ್ಯವ್ವ. ಅವಳ ಹೆಸರಿಗೆ ಮುರಗೋಡದಲ್ಲಿ ಒಂದು ಹೊಲವಿತ್ತು. ಆ ಹೊಲದ ಬೆನ್ನು ಹತ್ತಿ ಸವದತ್ತಿಗೆ ಹೋದೆವು. ಅಲ್ಲಿ ಅದೇ ಹೊಲ, ಬೈಲಹೊಂಗಲದ ಕಾಗದಕ್ಕಿಂತ ಎಂಟು ವರ್ಷ ಹಿಂದಿನ ಕಾಗದದಲ್ಲಿ ‘ಸತ್ಯವ್ವ ಕೋಂ ಗಂಗಪ್ಪ, ಮಯತ’. ಗಂಗಪ್ಪ ಸತ್ತಿದ್ದ. ರಾಯರು ಚಾಳೀಸು ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, “ಅಕ್ಕಾರ, ಸತ್ಯವ್ವ ಅನ್ನೋರು ಊರಿಗೆ ಹತ್ತು ಮಂದಿ ಇರ್ತಾರ. ಇದನ್ನ ನೋಡೇ ಇಲ್ಲಂತ ತಿಳ್ಕೋರಿ” ಎಂದರು. ಒಳ್ಳೆಯ ಮನುಷ್ಯ, ನಮ್ಮ ಮಾನ ಉಳಿಸಲು ನೋಡಿದರು. ನಾನು ಬಿಡಲಿಲ್ಲ.

ಹೋದ ವಾರ ನಮ್ಮ ಮನೆತನದ ಹೆಳವ ಹನುಮಪ್ಪ ಬಂದ. ನಿನಗೆ ನೆನಪಿರಬೇಕು, ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಬಂದು ಕಟ್ಟೆಯ ಮೇಲೆ ನಮ್ಮ ಹಿರಿಯರ ಹೆಸರು ಓದುತ್ತಿದ್ದ. ಅಪ್ಪ ಮೀಸೆ ತಿರುವುತ್ತಾ ಕೇಳುತ್ತಿದ್ದರು, ನೀನೂ ಇಲ್ಲದ ಮೀಸೆ ತಿರುವುತ್ತಿದ್ದೆ. ಈಗ ಅಪ್ಪ ಇಲ್ಲ, ಈ ಸಲ ಕೇಳುವವಳು ನಾನೊಬ್ಬಳೇ. ಸತ್ಯವ್ವ ಯಾರು ಎಂದೆ. ಮುದುಕ ಹೊತ್ತಿಗೆ ಮುಚ್ಚಿ ನನ್ನ ಮುಖ ನೋಡಿದ. “ನಿಮ್ಮಪ್ಪಾರು ಆ ಹೆಸರು ಬಿಟ್ಟು ಓದು ಅಂತ ಹೇಳಿ ವರ್ಷಾ ಒಂದ ಚೀಲ ಜ್ವಾಳಾ ಹೆಚ್ಚಿಗಿ ಹಾಕತಿದ್ರರಿ” ಎಂದ. ಹಾಗಾದರೆ ಬಿಟ್ಟೇಬಿಟ್ಟೆಯಾ ಎಂದು ಕೇಳಿದರೆ, “ಓದೂದು ಬಿಟ್ಟೇನ್ರಿ ಯವ್ವಾ, ಬರದದ್ದು ಬಿಟ್ಟಿಲ್ಲ” ಎಂದು ಹೊತ್ತಿಗೆ ತೆರೆದು ಓದಿದ. ಅಡಿವೆಪ್ಪಗೌಡನ ಲಗ್ನದ ಹೆಂಡತಿ ಮಕ್ಕಳಿಲ್ಲದೆ ತೀರಿಕೊಂಡಳು. ಆಮೇಲೆ ಅವನು ಮುರಗೋಡದ ಗಂಗಪ್ಪನ ವಿಧವೆ ಸತ್ಯವ್ವನನ್ನು ಉಡಿಕಿಯಾದ. ಆಕೆಯ ಹೊಟ್ಟೆಯಲ್ಲಿ ಹುಟ್ಟಿದವನು ಒಬ್ಬನೇ ಮಗ, ಕಾಡಪ್ಪ.

ಕೇಳಿದೆಯಾ, ಗೌಡಕಿಯ ಮಗನೇ? ಯಾರ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸಿದೆಯೋ ಆ ಕಾಡಪ್ಪಗೌಡನೇ ಉಡಿಕಿಯ ಮಗ. ಆ ಉಡಿಕಿ ನಡೆಯದಿದ್ದರೆ ಅಪ್ಪನೂ ಇಲ್ಲ, ನಾನೂ ಇಲ್ಲ, ಪುಣೆಯಲ್ಲಿ ಟೈ ಕಟ್ಟಿಕೊಂಡು ಕೂತ ನೀನೂ ಇಲ್ಲ. ನನಗೆ ಮೊದಲು ನಗು ಬಂತು. ಆಮೇಲೆ ಸತ್ಯವ್ವನನ್ನು ನೆನೆದು ಅಳು ಬಂತು. ಈ ಮನೆಯ ಬೀಸುಕಲ್ಲು ತಿರುವಿ, ಈ ಮನೆಗೆ ವಂಶ ಕೊಟ್ಟು ಹೋದವಳ ಹೆಸರನ್ನು ಅವಳ ಮರಿಮೊಮ್ಮಕ್ಕಳೇ ಒಂದು ಚೀಲ ಜೋಳ ಕೊಟ್ಟು ಅಳಿಸಲು ನೋಡಿದರಲ್ಲ! ಅಪ್ಪನ ಮೇಲೆ ನನಗಿದ್ದ ಗೌರವ ಅವತ್ತೇ ಮುಗಿಯಿತು. ನಿನ್ನ ಮೇಲಿನದು ಆ ಗೆರೆ ಎಳೆದ ಕಾಗದ ಬಂದ ದಿನವೇ ಮುಗಿದಿತ್ತು, ಪ್ರೀತಿ ಮಾತ್ರ ಏನು ಮಾಡಿದರೂ ಹೋಗುತ್ತಿಲ್ಲ, ಅದು ನನ್ನ ಹಣೆಬರಹ.

ರಾಮದುರ್ಗದವರ ಮನೆತನವೂ ಹನುಮಪ್ಪನ ಹೊತ್ತಿಗೆಯಲ್ಲಿದೆಯಂತೆ. ಅವರು ಹೇಗೆ ಎಂದು ಕೇಳಿದೆ. “ಒಂದ ಮನೀದು ಇನ್ನೊಂದ ಮನ್ಯಾಗ ಓದೂದಿಲ್ಲರಿ” ಎಂದು ಹಲ್ಲಿಲ್ಲದ ಬಾಯಿ ತೆರೆದು ಎಷ್ಟು ನಕ್ಕನೆಂದರೆ, ನನಗೆ ಓದಿ ಹೇಳುವ ಅಗತ್ಯವೇ ಉಳಿಯಲಿಲ್ಲ. ಒಬ್ಬರಿಗೊಬ್ಬರು ಸರಿಯಾಗಿ ಸಿಕ್ಕಿದ್ದೀರಿ.

ನೀನು ಕೇಳಿದ ವಂಶಾವಳಿಯನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಸತ್ಯವ್ವನ ಹೆಸರನ್ನು ಸಾಲೆಯ ಹಲಗೆಯ ಮೇಲೆ ಬರೆಯುವಷ್ಟು ದೊಡ್ಡದಾಗಿ ಬರೆದಿದ್ದೇನೆ. ಹರಿದುಹಾಕುವ ಶ್ರಮ ತೆಗೆದುಕೊಳ್ಳಬೇಡ, ನಕಲು ನನ್ನ ಹತ್ತಿರ ಇದೆ. ಚೆನ್ನಾಗಿ ಓದು, ಪರೀಕ್ಷೆಗೆ ಮೊದಲು ನಿದ್ದೆಗೆಡಬೇಡ. ಅತ್ತೆ ನಿನ್ನನ್ನು ನೆನೆಸಿ ಶೇಂಗಾ ಹೋಳಿಗೆ ಕಟ್ಟಿಟ್ಟಿದ್ದಾಳೆ, ಬರುವವರ ಕೈಯಲ್ಲಿ ಕಳಿಸುತ್ತೇನೆ. ದೇವರು ನಿನಗೆ ಆಯುಷ್ಯವನ್ನೂ ಒಂದಿಷ್ಟು ಬುದ್ಧಿಯನ್ನೂ ಕೊಡಲಿ.

ನಿನ್ನ ಅಕ್ಕ,
ಸಿದ್ದಲಿಂಗವ್ವ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು, ಮುಖ್ಯ ಮಾತೇ ಬರೆಯಲಿಲ್ಲ. ಕಳೆದ ಸೋಮವಾರ ನನ್ನ ಉಡಿಕಿ ಆಯಿತು. ಇಂಥದ್ದನ್ನು ಕತ್ತಲಲ್ಲಿ ಕದ್ದು ಮಾಡುವುದು ರೂಢಿ. ನಾವು ನಡುಹಗಲಲ್ಲಿ, ತಲೆಬಾಗಿಲು ತೆರೆದಿಟ್ಟು, ಅತ್ತೆಯ ಎದುರಿಗೇ ಮಾಡಿಕೊಂಡೆವು. ಸೀರೆ ಹಸಿರು, ಇವರೇ ಆರಿಸಿ ತಂದದ್ದು. ಯುಗಾದಿಯ ಮಾರನೇ ದಿನ ರಾಮದುರ್ಗದವರು ಮನೆ ನೋಡಲು ಬರುತ್ತಾರೆಂದು ಹೇಳಿಕಳಿಸಿದ್ದಾರೆ. ಬಾಗಿಲಲ್ಲಿ ನಿಂತು ಬರ್ರಿ ಎನ್ನಲು ನಾವಿಬ್ಬರೂ ಇರುತ್ತೇವೆ. ನಿನ್ನ ಅಕ್ಕನ ಗಂಡನ ಪರಿಚಯವನ್ನು ಅವರಿಗೆ ನೀನೇ ಬಂದು ಮಾಡಿಕೊಡುತ್ತೀಯೋ, ನಾನೇ ಮಾಡಿಕೊಡಲೋ, ಮರುಟಪಾಲಿಗೆ ತಿಳಿಸು.