ನರಿತಾದಾಗ ತಮ್ಮನ ಭೆಟ್ಟಿ

ಮಾರ್ಚ್ 3, ಭಾನುವಾರ

ನಳದ ನೀರು ಲಗೂ ಹೋತು. ಅವ್ವನ ಮೈ ಒರಸಿ, ಗಂಜಿ ಕುಡಿಸಿ, ಬಾಜೂ ಖೋಲಿ ರಜಿಯಾಗ ಹೇಳಿ ಹೊಂಟೆ. ಚೆಂಬೂರಿನ ಕೆಲಸದ ಮನಿ ಮುಟ್ಟೂದ್ರಾಗ ಲೇಟ್. ಶೀಲಾವತಿ ಮೇಡಂ ಬಯ್ಯಲಿಲ್ಲ. ಟಿಕೆಟ್ ಬಂದಿದ್ವು — ಮಗಳ ಬಾಣಂತನಕ್ಕ ಲಾಸ್ ಏಂಜಲೀಸ್. ಕೆಲಸಕ್ಕ ನಾನೂ ಜೋಡಿ. ಮೂರ ತಿಂಗಳು. ನಡುವ ಟೋಕಿಯೋದಾಗ ವಿಮಾನ ಬದಲಿ. ಮುಂಜಾನೆ ಇಳದ್ರ ಸಂಜಿಗೆ ಮುಂದಿಂದು.

"ಲೇಓವರ್ ಯಾಕೆ ವೇಸ್ಟ್ ಮಾಡುವುದು ಶಿವು? ನನಗೆ ವೀಸಾ ಉಂಟು. ನಿನಗೆ ಅಲ್ಲೇ ಶೋರ್ ಪಾಸ್ ಕೇಳುವ, ಒಂದು ದಿನಕ್ಕೆ ಕೊಡ್ತಾರಂತೆ. ಊರು ನೋಡಿ ಬರುವ."

ಟೋಕಿಯೋ. ತಮ್ಮ ಯಲ್ಲಾಲಿಂಗ ಇರೂ ಊರು.

ಚಾ ಸೋಸೂದು ಬಿಟ್ಟು ಹಂಗ ನಿಂತೆ.

ಮಾರ್ಚ್ 5, ಮಂಗಳವಾರ

ತಮ್ಮಗ ಫೋನ್. ಅಡಗಿ ಮಾಡಾಕಂತ ಹೋದಾಂವ. ಕೊರೊನಾದಾಗ ಹೋಟೆಲ್ ಮುಚ್ಚಿತು, ಆಮ್ಯಾಲೆ ವೀಸಾನೂ ಮುಗೀತು. ಈಗ ಕದ್ದು ಇರ್ತಾನ, ಹಳೇ ಮನಿ ಕೆಡವೂ ಗ್ಯಾಂಗಿನಾಗ. ಒಮ್ಮೆ ಹೊರಗ ಬಂದ್ರ ತಿರುಗಿ ಒಳಗ ಬಿಡೂದಿಲ್ಲ, ಅದಕ್ಕ ಬಂದಿಲ್ಲ. ಅವ್ವನ ಔಷಧಿ ನಡದದ್ದು ಅವನ ರೊಕ್ಕದಿಂದ...

"ಏರ್‌ಪೋರ್ಟಿಗೆ ನಾ ಬರಾಂಗಿಲ್ಲಕ್ಕ. ಪೊಲೀಸ್ರು ಇರ್ತಾರ. ನೀನ ಟ್ರೇನ್ ಹಿಡದು ಬಾ."

"ನನಗ ಅಲ್ಲಿ ಟ್ರೇನ್ ತಿಳೀತಾವೇನೋ? ಭಾಷಾ ಬರಾಂಗಿಲ್ಲ. ನೀನ ಬಾ."

ಕಡೀಕ — "ಆತು, ಬರ್ತೀನಿ."

ಅವ್ವಗ ಹೇಳಿದೆ. ಎದ್ದು ಕುಂತ್ಲು! ಎಷ್ಟ ದಿನಾ ಆಗಿತ್ತು ತಾನ ಎದ್ದು.

"ಅವನ ಗಲ್ಲಾ ಮುಟ್ಟಿ ಬಾ. ಆ ಕೈ ತಂದು ನನಗ ಹಚ್ಚು."

ಮಾರ್ಚ್ 19, ನರಿತಾ ಏರ್‌ಪೋರ್ಟ್, ಮುಂಜಾನೆ

ಪಾಸ್ ಕೊಡಲಿಲ್ಲ.

ಸಣ್ಣ ಖೋಲಿ. ಆಫೀಸರ್ ಹುಡುಗಿ. ಭಾಳ ಮರ್ಯಾದಿ, ಮಾತಿಗೊಮ್ಮೆ ತಲಿ ಬಗ್ಗಸ್ತಾಳ. ಜಪಾನಿನಾಗ ನಿಮ್ಮವರು ಯಾರರೆ ಅದಾರೇನು ಅಂತ ಕೇಳಿದ್ಲು. ಮೇಡಂ ಕನ್ನಡದಾಗ ಹೇಳಿದ್ರು. ತಮ್ಮ ಅದಾನ ಅಂದ್ರ ವಿಳಾಸ ಕೇಳ್ತಾರ, ಅವನ ಕಾಗದ ಕೇಳ್ತಾರ.

ಯಾರೂ ಇಲ್ಲ ಅಂದೆ.

ಇಷ್ಟ ಅಂದ ಮ್ಯಾಲೂ ಪಾಸ್ ಇಲ್ಲ. ಕಾರಣ ಹೇಳಲಿಲ್ಲ. ಸಾರಿ, ಸಾರಿ ಅಷ್ಟ.

"ನಾನೂ ಇಲ್ಲೇ ಕೂತ್ಕೊಳ್ಳಲಾ ಶಿವು?" ಮೇಡಂ ಕೇಳಿದ್ರು. ಪಾಪ, ಮನಸಿನಿಂದನ ಕೇಳಿದ್ರು. ಹೋಗ್ರಿ ಅಂದೆ. ಹೋದ್ರು.

ಮಧ್ಯಾಹ್ನ

ಇಲ್ಲೆ ವೈಫೈ ಫ್ರೀ. ತಮ್ಮಗ ಫೋನ್ ಹಚ್ಚಿದೆ. ಅವ ಆಗಲೇ ಬಂದು ಹೊರಗ ನಿಂತಾನ. ಇದೇ ಬಿಲ್ಡಿಂಗು. ನಡುವ ಎಷ್ಟ ಗ್ವಾಡಿ ಅದಾವೋ.

"ಅಳಬ್ಯಾಡಕ್ಕ. ಮ್ಯಾಲ ವಿಮಾನ ನೋಡೂ ಮಾಳಿಗಿ ಐತಿ. ಹೊರಗಿನವರನ್ನ ಬಿಡ್ತಾರ. ಅಲ್ಲಿ ಹೋಗ್ತೀನಿ. ನೀ ಕಾಚಿನ ಕಿಡಕಿ ಹತ್ರ ನಿಂದರು. ಕಂಡರ ಕಾಣಬಹುದು."

ಈ ತುದಿಯಿಂದ ಆ ತುದಿಗೆ ಅಡ್ಡಾಡಿದೆ. ವಿಮಾನದ ಬಾಲ, ಲಾರಿ, ಮತ್ತ ಬಾಲ. ಕಡೀಕ ದೂರ ಒಂದು ಮಾಳಿಗಿ, ಸುತ್ತ ತಂತಿ ಜಾಳಗಿ. ಇರವಿಯಂಥಾ ಮಂದಿ.

"ಹಳದಿ ಜಾಕೀಟ್ ಬೀಸಾಕತ್ತೀನಿ. ಕಂಡಿತೇನು?"

ಕಂಡಿತು! ಮಾರಿ ಇಲ್ಲ. ಕೈ ಇಲ್ಲ. ಹಳದಿ ಅಷ್ಟ, ಮ್ಯಾಲ-ಕೆಳಗ ಆಗೂದು.

"ನಾನೂ ಸೆರಗು ಬೀಸಾಕತ್ತೀನೋ. ಕಂಡ್ನೆ?"

"ಕಂಡಿ ಅಕ್ಕ. ಕೆಂಪು ಸೀರಿ."

ಉಟ್ಟದ್ದು ಹಸರು. ಹೂಂ ಅಂದೆ.

ನಗಾಕತ್ತ. ಒದರಾಕತ್ತ — "ಏ ಅಕ್ಕಾ... ಏ ಅಕ್ಕಾ..." ಸಣ್ಣಾಂವ ಇದ್ದಾಗ ಕರದಂಗ. ಫೋನಿನಾಗ ಕೇಳತೈತಿ ಮಾರಾಯಾ, ಯಾಕ ಒದರ್ತಿ ಅಂದೆ. ನಿಂದರಲಿಲ್ಲ. ಹಳದಿ ಹತ್ರ ಎರಡು ನೀಲಿ ಬಂದ್ವು.

"ತಡಿ ಅಕ್ಕ. ಪೊಲೀಸ್..."

ಫೋನ್ ಚಾಲೂನ ಇತ್ತು. ಅವರ ಮಾತು, ಮೆತ್ತಗ. ಅವಂದು ಒಂದ ಮಾತು, ಮತ್ತ ಮತ್ತ ಅದ. ಜಪಾನಿ. ಬೇಡಕೋತಿದ್ನೋ ಏನೋ. ಕಾಚು ಬಡದೆ. ಬಾಜೂಕ ಕುಂತ ಮುದಕಿ ಎದ್ದು ದೂರ ಹೋದ್ಲು.

ಫೋನ್ ಕಟ್ಟಾತು. ಹಳದಿ ಕಾಣಲಿಲ್ಲ.

ಸಂಜಿ

ಮೇಡಂ ಬಂದ್ರು. ಕೈತುಂಬ ಸ್ವೀಟ್ ಡಬ್ಬಿ. "ಎಂಥಾ ದೇವಸ್ಥಾನ ಗೊತ್ತುಂಟಾ! ನೀನು ಊಟ ಮಾಡಿದ್ಯಾ?" ಮಾರಿ ನೋಡಿ ಡಬ್ಬಿ ಕೆಳಗಿಟ್ರು. ಹೇಳಿದೆ. ನನ್ನ ಕೈ ಹಿಡಕೊಂಡ್ರು. ವಿಮಾನಕ್ಕ ಕರ್ಯಾಕತ್ತಾರ. ಹತ್ತಲಿಲ್ಲಂದ್ರ ಎಲ್ಲಿಗೆ ಹೋಗ್ಲಿ...

ಏಪ್ರಿಲ್ 7, ಲಾಸ್ ಏಂಜಲೀಸ್

ಕೂಸಿಗೆ ಎಣ್ಣಿ, ನೀರು, ಸಾಂಬ್ರಾಣಿ ಹೊಗಿ. ಹೊಗಿಗೆ ಗ್ವಾಡಿಯಾಗಿನ ಮಷಿನ್ ಕೂಗಾಕತ್ತಿತು. ಎಲ್ಲಾರೂ ನಕ್ಕರು.

ಮೇಡಂ ಅಳಿಯ ಫೋನ್ ಹಚ್ಚಿ ವಿಚಾರ ಮಾಡ್ಯಾರ. ಯಲ್ಲಾಲಿಂಗನ್ನ ಕಾಗದ ಇಲ್ಲದವರನ್ನ ಇಡೂ ಜೈಲಿನಾಗ ಇಟ್ಟಾರಂತ. ಊರಿಗೆ ಕಳಸ್ತಾರಂತ. ಯಾವಾಗ, ಯಾರಿಗೂ ಗೊತ್ತಿಲ್ಲ.

ನಾನ ಬಾ ಅಂದದ್ದು.

ಜೂನ್ 24, ಘಾಟ್ಕೋಪರ್

ಮನಿಗೆ ಬಂದೆ. ಮೂರ ತಿಂಗಳು ಅವ್ವನ್ನ ರಜಿಯಾನ ನೋಡಕೊಂಡಾಳ. ಅವ್ವ ಹಾಸಿಗ್ಯಾಗ ಹಾಸಿಗಿಯಾಗ್ಯಾಳ. ನನ್ನ ಗುರ್ತು ಹತ್ತಿತು.

"ಮುಟ್ಟಿದ್ಯಾ?"

"ಹೂಂ."

"ಹೆಂಗದಾನ?"

"ದಪ್ಪ ಆಗ್ಯಾನ."

ನನ್ನ ಬಲಗೈ ಎಳಕೊಂಡು ಗಲ್ಲಕ್ಕ ಒತ್ತಿಕೊಂಡ್ಲು. ಕಣ್ಣು ಮುಚ್ಚಿದ್ಲು. ಬಿಡವಲ್ಲಳು. ರಜಿಯಾ ಹೊರಗ ಎದ್ದು ಹೋದ್ಲು.

ಜುಲೈ 16

ಪರೇಲಿನ ದವಾಖಾನಿ. ಅವ್ವ ತೀರಕೊಂಡ್ಲು.

ಆಗಸ್ಟ್ 11, ಭಾನುವಾರ

ಅವನ ಫೋನ್, ಜೈಲಿನಿಂದ. ಕಾರ್ಡ್ ಮುಗ್ಯಾಕ ಬಂದೈತಿ, ಲಗೂ ಅವ್ವಗ ಕೊಡು ಅಂದ.

ಬಾಯಿ ತಗದೆ. ಹೇಳಬೇಕಂದ್ರ... ಒಬ್ಬಾಂವ ಅದಾನ. ಅತ್ತರ ಹಿಡಿಯಾಕ ಯಾರಿಲ್ಲ.

"ಮಲಗ್ಯಾಳೋ. ಈಗ ನಿದ್ದಿ ಹತ್ತೇತಿ."

"ಎಬ್ಬಸಬ್ಯಾಡ ಬಿಡು. ಆರಾಮ ಅದಾಳಲ್ಲ?"

ಕಟ್ಟಾತು. ಚಲೋ ಆತು ಕಟ್ಟಾದದ್ದು.

ಸೆಪ್ಟೆಂಬರ್ 12, ಗುರುವಾರ, ಸಂಜಿ

ಗುರ್ತಿಲ್ಲದ ನಂಬರ್. ಯಾರದೋ ಫೋನ್ ಇಸಕೊಂಡು ಮಾಡ್ಯಾನ. ಇಲ್ಲೇ ಸಹಾರ್ ಏರ್‌ಪೋರ್ಟಿನಾಗ ಅದಾನ! ಕಳಿಸಿಬಿಟ್ಟಾರ.

"ಅಕ್ಕ, ಬಂದೀನಿ. ರಿಕ್ಷಾ ಹಿಡೀತೀನಿ. ಅವ್ವಗ ಹೇಳಬ್ಯಾಡ ಮತ್ತ. ನಾನ ಬಾಗಲದಾಗ ನಿಂತು ಕರೀತೀನಿ. ನೋಡ್ಲಿ ಹೆಂಗ ಹೌಹಾರ್ತಾಳ."

"ಯಲ್ಲ್ಯಾ, ಕೇಳಿಲ್ಲಿ..." ಅನ್ನೂದ್ರಾಗ ಇಟ್ಟ. ತಿರುಗಿ ಹಚ್ಚಿದೆ. ಯಾರೋ ಹಿಂದಿಯಾಗ — ಓ ತೋ ಗಯಾ. ಹೋಗ್ಯಾನಂತ.

ಗಲ್ಲಿ ತುದಿಗೆ ಹೋಗಿ ನಿಂದರು, ಅಲ್ಲೇ ಹೇಳು ಅಂತಾಳ ರಜಿಯಾ. ಅವಳೂ ಅಳಾಕತ್ತಾಳ. ನಾ ಹೋಗದ ಬರಕೋತ ಕುಂತೀನಿ. ಏನಂತ ಸುರು ಮಾಡ್ಲಿ? ಕೈ-ಕಾಲು ತೊಳಕೋ, ಮೊದ್ಲ ಚಾ ಕುಡಿ, ಆಮ್ಯಾಲೆ...

ರಿಕ್ಷಾ ನಿಂತಂಗಾತು. ಜಿನೇದ ಪಾವಟಿಗಿ ಮ್ಯಾಲ ಹೆಜ್ಜಿ. ಓಡಿ ಬರಾಕತ್ತಾನ. ರಜಿಯಾ ಅಡ್ಡ ಹೋದ್ಲು. ನಿಂದರಲಿಲ್ಲ ಅಂವ. ಕರ್ಯಾಕತ್ತಾನ — ಅವ್ವಾ, ಏ ಅವ್...