ಎಂಜಿನ್ ಬದಲಿಸುವ ಮುಂಚೆ

ಹನ್ನೊಂದನೇ ತಾರೀಖು, ಮಂಗಳವಾರ

ರೀ,

ಹೀಗೆ ಕರೆದು ಎರಡು ವರ್ಷ ದಾಟಿತು. ಬೇರೆ ಹೇಗೆ ಶುರು ಮಾಡಬೇಕೋ ಗೊತ್ತಾಗಲಿಲ್ಲ. ಗುಬ್ಬಿ ಚೆನ್ನಾಗಿದ್ದಾಳೆ. ಹದಿನಾಲ್ಕಕ್ಕೇ ನನ್ನ ಎತ್ತರ ಬಂದಿದ್ದಾಳೆ, ನನ್ನ ಚಪ್ಪಲಿ ಯಾವತ್ತೂ ನನ್ನ ಕಾಲಿಗೆ ಸಿಗುವುದಿಲ್ಲ. ಪರದೆ ಹೊಲಿಯುವ ಕೆಲಸವೂ ನಡೆಯುತ್ತಿದೆ. ನೀವು ಹೇಗಿದ್ದೀರಿ ಅಂತ ಕೇಳುವ ಮುಖ ನನಗಿದೆಯೋ ಇಲ್ಲವೋ, ಇದನ್ನು ಓದಿ ಮುಗಿಸಿದ ಮೇಲೆ ನೀವೇ ಹೇಳಬೇಕು.

ಬರೆಯಲು ಕಾರಣ ನಮ್ಮ ಕಾರು. ಹೋದ ತಿಂಗಳು ಒಂದು ಆಫೀಸಿಗೆ ಪರದೆ ಕೊಟ್ಟು ಬರುವಾಗ ಏರಿನಲ್ಲಿ ಬಾನೆಟ್ಟಿನಿಂದ ಹೊಗೆ ಎದ್ದು ನಿಂತೇಬಿಟ್ಟಿತು. ಗ್ಯಾರೇಜಿಗೆ ಎಳೆಸಿಕೊಂಡು ಹೋದೆ. ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದರೆ ಆಯಿಲ್ ಹಾಲು ಹೆಚ್ಚಾದ ಕಾಫಿಯ ಹಾಗಿತ್ತು. ನೀರು ಒಳಗೆ ಸೇರಿದೆ, ಎಂಜಿನ್ ಸೀಳಿದೆ, ನಾಲ್ಕು ವರ್ಷದ ಹಿಂದೆ ಗುದ್ದಿದಾಗಲೇ ಕೂದಲೆಳೆಯಷ್ಟು ಬಿರುಕು ಬಿಟ್ಟಿರಬೇಕು ಅಂದರು ಗ್ಯಾರೇಜಿನ ಯಜಮಾನರು. ಇದೇ ಮಾಡೆಲ್ಲಿನ ಇನ್ನೊಂದು ಗಾಡಿಯ ಎಂಜಿನ್ ಅವರ ಹತ್ತಿರ ಇದೆಯಂತೆ. ಹಾಕಿಸಬಹುದು. ಆದರೆ ಕಾರು ಇರುವುದು ನಿಮ್ಮ ಹೆಸರಿನಲ್ಲಿ. ಎಂಜಿನ್ ನಂಬರ್ ಬದಲಾದರೆ ಕಾಗದಪತ್ರಕ್ಕೆ ನಿಮ್ಮ ಸಹಿ ಬೇಕು.

ಮೊದಲು ಇಷ್ಟನ್ನೇ ನಾಲ್ಕು ಸಾಲಿನಲ್ಲಿ ಬರೆದು, ಸಹಿ ಹಾಕಿ ಕಳಿಸಿ ಅಂತ ಮುಗಿಸಿದ್ದೆ. ಅಂಚೆಗೆ ಹಾಕುವ ಮುಂಚೆ ಗ್ಯಾರೇಜಿಗೆ ಹೋಗಿ, ಆ ಇನ್ನೊಂದು ಎಂಜಿನ್ ನಮಗೆ ತೆಗೆದಿಡಿ ಅಂತ ಹೇಳಿ ಬರೋಣ ಅಂತ ಹೊರಟೆ. ಯಜಮಾನರು ಕಾರನ್ನು ಮೇಲೆತ್ತಿ ನಿಲ್ಲಿಸಿದ್ದರು. ನನ್ನನ್ನು ಅಡಿಗೆ ಕರೆದು ಟಾರ್ಚು ಬಿಟ್ಟು ತೋರಿಸಿದರು. "ನೋಡಿ ಅಮ್ಮಾ, ಎಂಜಿನ್ ಹಾಕಿದ್ರೆ ಗಾಡಿ ಓಡುತ್ತೆ, ಇಲ್ಲ ಅನ್ನಲ್ಲ. ಆದ್ರೆ ಈ ಚಾಸಿ, ಅಡಿಯ ಚೌಕಟ್ಟು, ಗುದ್ದಿದ ದಿನಾನೇ ಬಾಗಿದೆ. ಎಡಗಡೆ ಟೈರು ವರ್ಷಕ್ಕೊಂದು ತಿಂತಾ ಇರೋದು ಅದಕ್ಕೇ," ಅಂದರು. ಆಮೇಲೆ ಹೇಗೆ ಗುದ್ದಿತು ಅಂತ ಕೇಳಿದರು. ಓಡಿಸುತ್ತಿದ್ದವರಿಗೆ ನಿದ್ದೆ ಹತ್ತಿತು ಅಂದೆ. ನಾಲ್ಕು ವರ್ಷದ ರೂಢಿ, ಬಾಯಿಪಾಠದ ಹಾಗೆ ಬಂತು.

ಅವರು ಟಾರ್ಚು ಆರಿಸಿ, ಕೈ ಒರೆಸಿಕೊಂಡು, ತೀರಾ ಸಾಮಾನ್ಯ ಮಾತಿನ ಹಾಗೆ ಹೇಳಿದರು: "ನಿದ್ದೆಗಣ್ಣಲ್ಲಿ ಹೋದ ಗಾಡಿ ಮೆಲ್ಲಗೆ ಜಾರುತ್ತೆ. ಇದು ಒಂದೇ ಸಲಕ್ಕೆ ಅಡ್ಡ ತಿರುಗಿ ಗುದ್ದಿರೋದು. ಯಾರೋ ಸ್ಟೀರಿಂಗ್ ಎಳೆದಿದ್ದಾರೆ."

ನಡೆದುಕೊಂಡೇ ಮನೆಗೆ ಬಂದು, ಬರೆದಿಟ್ಟಿದ್ದ ಕಾಗದ ಹರಿದು ಹಾಕಿದೆ.

ನಾಲ್ಕು ವರ್ಷದ ಹಿಂದಿನ ಆ ಭಾನುವಾರ ನನ್ನ ಅಣ್ಣನ ಮನೆಯಿಂದ ಬರುವಾಗ ಏನಾಯಿತು ಅನ್ನುವುದು ನಮ್ಮಿಬ್ಬರಿಗೇ ಗೊತ್ತು. ಗುಬ್ಬಿ ಹಿಂದಿನ ಸೀಟಿನಲ್ಲಿ ಮಲಗಿದ್ದಳು. ದೂರದ ಊರಿನ ಆ ಲಿಫ್ಟ್ ಕಂಪನಿಯ ಕೆಲಸದ ಪತ್ರ ನಿಮ್ಮ ಜೇಬಿನಲ್ಲಿ ಸಿಕ್ಕಿತ್ತು ನನಗೆ. ನನ್ನನ್ನು ಕೇಳದೆ ಅರ್ಜಿ ಹಾಕಿದಿರಿ ಅಂತ ದಾರಿಯುದ್ದ ಕೂಗಾಡಿದೆ. ಗಾಡಿ ತಿರುಗಿಸಿ, ಅಣ್ಣನ ಮುಂದೆಯೇ ಇತ್ಯರ್ಥ ಆಗಲಿ ಅಂದೆ. "ಮಗು ಮಲಗಿದೆ, ಮನೆಗೆ ಹೋಗಿ ಮಾತಾಡೋಣ," ಅಂದಿರಿ. ನೀವು ದನಿ ಏರಿಸದೇ ಇದ್ದದ್ದಕ್ಕೇ ನನಗೆ ಮೈಯೆಲ್ಲ ಉರಿಯಿತು. ಕೈ ಚಾಚಿ ಸ್ಟೀರಿಂಗ್ ಎಳೆದೆ. ಸೇತುವೆಯ ಕಟ್ಟೆ ಎದುರಿಗೇ ಬಂತು.

ಸ್ಟೀರಿಂಗ್ ಎಳೆದೆ ಅನ್ನುವ ಆ ಒಂದು ಸಾಲು ಬರೆಯಲು ಎರಡು ದಿನ ಹಿಡಿಯಿತು.

ಆಸ್ಪತ್ರೆಯಲ್ಲಿ ಅಣ್ಣ ನಿಮ್ಮ ಅಂಗಿ ಹಿಡಿದು ಕೇಳಿದಾಗ, ಒಂದು ಗಳಿಗೆ ಕಣ್ಣು ಮುಚ್ಚಿತು ಅಂತ ನೀವು ಹೇಳಿದ್ದು ನನಗೆ ಕೇಳಿಸಿತ್ತು. ಪ್ರಜ್ಞೆ ಇತ್ತು ನನಗೆ. ಆ ಕ್ಷಣಕ್ಕೆ ಮುರಿದ ಮಣಿಕಟ್ಟಿನ ನೋವಿಗೆ ಬಾಯಿ ಬರಲಿಲ್ಲ ಅಂತ ಇಟ್ಟುಕೊಳ್ಳಿ. ಮಾರನೇ ದಿನ ಬಾಯಿ ಇತ್ತಲ್ಲ? ಗುಬ್ಬಿಯ ಹುಬ್ಬಿಗೆ ಹೊಲಿಗೆ ಹಾಕಿದ್ದು ನೋಡಿದೆ. ಇದು ನನ್ನ ಕೈಯ ಕೆಲಸ ಅಂತ ಒಪ್ಪಿಕೊಳ್ಳುವ ಧೈರ್ಯ ಆಗಲಿಲ್ಲ. ನೀವು ಹೊತ್ತುಕೊಂಡಿದ್ದಿರಿ, ನಾನು ಹೊರಲು ಬಿಟ್ಟೆ.

ಅಲ್ಲಿಗೇ ನಿಲ್ಲಿಸಿದ್ದರೂ ಒಂದು ಮಾತಿತ್ತು. ಆಮೇಲಿನ ಎರಡು ವರ್ಷ, ಪಾತ್ರೆ ಜಾರಿದರೆ, ಹೊಲಿಗೆ ಸೊಟ್ಟಗಾದರೆ, ಈ ಕೈ ಯಾರಿಂದ ಹೀಗಾಯಿತು ಅಂತ ನಿಮಗೇ ತೋರಿಸಿದೆ. ಒಂದೇ ಒಂದು ಸಲವೂ ನೀವು ತಿರುಗಿ ಮಾತಾಡಲಿಲ್ಲ. ನೀವು ಸುಮ್ಮನಿದ್ದಷ್ಟೂ ನನ್ನ ಸುಳ್ಳು ನನಗೇ ನಿಜವಾಗುತ್ತಾ ಬಂತು. ಲಿಫ್ಟ್ ರಿಪೇರಿಯ ಕೆಲಸದಲ್ಲಿ ಪ್ರತಿ ಹಗ್ಗವನ್ನೂ ಎರಡೆರಡು ಸಲ ಮುಟ್ಟಿ ನೋಡುವ ಮನುಷ್ಯ ನೀವು. ನಿಮ್ಮ ಜೊತೆ ಕೆಲಸ ಮಾಡುವವರು 'ನಿದ್ದೆರಾಯ' ಅಂತ ಹೆಸರಿಟ್ಟು ನಗುತ್ತಿದ್ದಾಗ ನಾನೂ ಅಲ್ಲೇ ಇದ್ದೆ, ನಕ್ಕಿದ್ದೆ ಕೂಡ. ಕೊನೆಗೆ ಗುಬ್ಬಿ, ಅಪ್ಪನ ಜೊತೆ ಗಾಡಿಯಲ್ಲಿ ನಾನು ಎಲ್ಲಿಗೂ ಬರಲ್ಲ ಅಂದ ದಿನ ನೀವು ಪೆಟ್ಟಿಗೆ ಕಟ್ಟಿದಿರಿ. ಅವತ್ತು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ನಿಮ್ಮ ಅಂಗಿಗಳನ್ನು ಮಡಚಿಕೊಟ್ಟೆ.

ನಜ್ಜುಗುಜ್ಜಾದ ಗಾಡಿಯನ್ನು ಗುಜರಿಗೆ ಹಾಕೋಣ ಅಂತ ನೀವು ಆಗಲೇ ಹೇಳಿದ್ದಿರಿ. ಹಟ ಹಿಡಿದು ರಿಪೇರಿ ಮಾಡಿಸಿದವಳು ನಾನು. ಪರದೆ ಸಾಗಿಸಲು ಬೇಕು ಅಂದೆ. ಅದು ನಿಜವೇ. ಆದರೆ ಅದು ಬಾಗಿಲೆದುರು ನಿಂತಿರುವಷ್ಟು ದಿನ ತಪ್ಪು ನಿಮ್ಮದು ಅಂತ ಊರಿಗೆಲ್ಲ ಕಾಣುತ್ತಿತ್ತು, ಅದೂ ನಿಜ.

ಹಾಗಾಗಿ ಎಂಜಿನ್ ಬೇಡ ಅನ್ನಿಸಿದೆ. ಗುಜರಿಗೆ ಕೊಡುವ ಅರ್ಜಿ ಇದರ ಜೊತೆಗಿದೆ. ಹಾಕಿಸು ಅಂತ ನೀವು ಹೇಳಿದರೆ ಹಾಕಿಸುತ್ತೇನೆ. ಈ ಸಲ ತೀರ್ಮಾನ ನಿಮ್ಮದು, ನಾನು ಕೈ ಹಾಕುವುದಿಲ್ಲ. ವಾಪಸ್ ಬನ್ನಿ ಅಂತ ಕರೆಯಲು ನನಗೆ ಬಾಯಿಲ್ಲ. ಕ್ಷಮಿಸಿ ಅಂತಲೂ ಬರೆದು ಹೊಡೆದು ಹಾಕಿದೆ. ನೀವು ತಕ್ಷಣ ಕ್ಷಮಿಸಿಬಿಡುತ್ತೀರಿ ಅಂತ ಗೊತ್ತು, ಅದೇ ಭಯ.

ಊಟ ಬಿಡಬೇಡಿ.

ಇಂತಿ,
ಗುಬ್ಬಿಯ ಅಮ್ಮ

ತಾ.ಕ.: ನಿನ್ನೆ ಬೆಳಿಗ್ಗೆ ಗುಬ್ಬಿಯನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಅಳಲಿಲ್ಲ, ಬೈಯಲಿಲ್ಲ. ಅವಾಗಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಬಡಿಸಿದ್ದನ್ನು ತಲೆ ತಗ್ಗಿಸಿ ಉಂಡು ಏಳುತ್ತಾಳೆ. ಇವತ್ತು ನಾನು ಕವರು ಹುಡುಕುತ್ತಿದ್ದಾಗ ಬಂದು, ನಿಮ್ಮ ವಿಳಾಸ ಎಲ್ಲಿದೆ ಅಂತಷ್ಟೇ ಕೇಳಿದಳು. ಕವರಿನ ಮೇಲಿನ ಅಕ್ಷರ ಅವಳದು.